ಬಾಯಿ ಕಟ್ಟಿದ್ರೆ ಸಾಕಾ?

ದೀಪಾವಳಿ ಮುಗಿದ ಮೂರನೇ ದಿನ, ಬೆಳಿಗ್ಗೆ ಆರೂವರೆ ಇರಬೇಕು. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ದಪ್ ಅಂತ ಸದ್ದಾಯಿತು. ಹಾಲು ಒಲೆ ಮೇಲೆ ಹಾಗೇ ಬಿಟ್ಟು ಓಡಿದೆ. ಅಮ್ಮ ಪಾಚಿ ಕಟ್ಟಿದ ಚಪ್ಪಡಿ ಮೇಲೆ ಜಾರಿ ಒಂದು ಮಗ್ಗುಲಿಗೆ ಬಿದ್ದಿದ್ದಳು. ಎಡಗೈ ಮೈಕೆಳಗೆ ಸಿಕ್ಕಿಕೊಂಡಿತ್ತು. ಅವಳಿಗೆ ಎಪ್ಪತ್ತೊಂದು ವರ್ಷ, ತೂಕ ನಲವತ್ತೈದು ಕೆಜಿ ಇದ್ದರೆ ಹೆಚ್ಚು. ಎತ್ತೋಣ ಅಂತ ಮಂಡಿಯೂರಿದೆ. ಆಗಲಿಲ್ಲ. ಕಂಕುಳಿಗೆ ಕೈಹಾಕಿ ಇನ್ನೊಂದು ಸಲ ನೋಡಿದೆ. ನನ್ನ ಬಲ ಮಂಡಿ ಕಟಕ್ ಅಂತು, ನಾನೂ ಅವಳ ಪಕ್ಕದಲ್ಲೇ ಕುಸಿದು ಕೂತೆ. ಆಮೇಲೆ ಅವಳನ್ನು ಎತ್ತುವುದಿರಲಿ, ನನಗೇ ಏಳಲು ಆಗಲಿಲ್ಲ. ಹಿಡಿದುಕೊಳ್ಳೋಣ ಅಂದರೆ ಒಗೆಯುವ ಕಲ್ಲು ಸೋಪಿನ ನೀರಿಗೆ ಜಾರುತ್ತಿತ್ತು.

ಮನೆಯವರು ವಾಕಿಂಗ್ ಹೋಗಿದ್ದರು, ಮಗಳು ಟ್ಯೂಷನ್‌ಗೆ ಹೋಗಿದ್ದಳು. ಹತ್ತು ಹದಿನೈದು ನಿಮಿಷ ತಾಯಿ ಮಗಳು ಇಬ್ಬರೂ ಒದ್ದೆ ನೆಲದ ಮೇಲಿದ್ದೆವು. ಹಾಲು ಉಕ್ಕಿ ಸೀದ ವಾಸನೆ ಹಿತ್ತಿಲವರೆಗೂ ಬಂತು. ಅಮ್ಮ ಸರಿಯಿದ್ದ ಕೈಯಿಂದ ನನ್ನ ಬೆನ್ನು ನೂಕುತ್ತಾ, "ಮೊದ್ಲು ನೀನು ಏಳು ಕಣೇ, ನಂದು ಆಮೇಲೆ ನೋಡಾಣ" ಅಂದಳು. ನೋವಿಗೆ ತುಟಿ ಕಚ್ಚಿಕೊಂಡಿದ್ದಾಳೆ, ಆದರೂ ನನ್ನನ್ನು ಎಬ್ಬಿಸುವುದು ಹೇಗೆ ಅನ್ನುವುದೇ ಅವಳ ಚಿಂತೆ. ಕೊನೆಗೆ ನಮ್ಮ ಕೂಗು ಕೇಳಿ ಪಕ್ಕದ ಮನೆಯ ಹುಡುಗ ಕಾಂಪೌಂಡ್ ಹಾರಿ ಬಂದ. ಅಮ್ಮನನ್ನು ಮಗುವಿನ ಹಾಗೆ ಎತ್ತಿ ಕುರ್ಚಿ ಮೇಲೆ ಕೂರಿಸಿದ. ನನ್ನನ್ನು ಎಬ್ಬಿಸಲು ಅವನ ಅಪ್ಪನನ್ನೂ ಕರೆಯಬೇಕಾಯಿತು.

ಅಮ್ಮನ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್ ಹಾಕಿದರು, ಕೂಡಿಕೊಂಡಿತು. ಆ ಹದಿನೈದು ನಿಮಿಷ ಮಾತ್ರ ನನ್ನ ತಲೆಯಿಂದ ಹೋಗಲೇ ಇಲ್ಲ. ಆಗ ನನಗೆ ನಲವತ್ಮೂರು ವರ್ಷ. ಎತ್ತರ 156 ಸೆಂಟಿಮೀಟರ್, ತೂಕ 108 ಕೆಜಿ. ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅಂತ ಅಳೆಯುವ ಬಿಎಂಐ 44ರ ಮೇಲೆ. ಆರು ವರ್ಷದಿಂದ ಶುಗರ್, ಅದರಲ್ಲಿ ಕಡೆಯ ವರ್ಷ ಇನ್ಸುಲಿನ್. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು. ಇದೆಲ್ಲ ಗೊತ್ತಿದ್ದೂ ವರ್ಷಗಟ್ಟಲೆ ತಳ್ಳಿಕೊಂಡು ಬಂದಿದ್ದೆ. ನನ್ನ ದೇಹದಿಂದ ನನಗೆ ಕಷ್ಟವಾದರೆ ತಡೆದುಕೊಳ್ಳುತ್ತೇನೆ ಅನ್ನುವ ಒಂದು ಮೊಂಡು ಸಮಾಧಾನ ಇತ್ತು. ಅಮ್ಮ ಬಿದ್ದಾಗ ಎತ್ತಲಾರೆ ಅನ್ನುವುದು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಎಲ್ಲರೂ ಹೇಳಿದ ಒಂದೇ ಮಾತು

"ಬಾಯಿ ಕಟ್ಟು." ಇಪ್ಪತ್ತು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದೇ ಇರಬೇಕು. ದೊಡ್ಡಮ್ಮ ಹೇಳಿದ್ದಾರೆ, ಸ್ಟಾಫ್ ರೂಮಿನಲ್ಲಿ ಹೇಳಿದ್ದಾರೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತ, ಹೆಸರೂ ಗೊತ್ತಿಲ್ಲದ ಹೆಂಗಸು ಹೇಳಿದ್ದಾರೆ. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದವರಲ್ಲ. ನಮ್ಮ ಕಡೆ ಅದು ಕಾಳಜಿಯ ಮಾತೇ. ಶುಗರ್ ಬಂದರೆ ಬಾಯಿ ಕಟ್ಟು, ಬಿಪಿ ಬಂದರೆ ಬಾಯಿ ಕಟ್ಟು, ದಪ್ಪ ಆದರಂತೂ ಕೇಳುವುದೇ ಬೇಡ.

ನಾನು ಕಟ್ಟಲಿಲ್ಲವಾ? ಕಟ್ಟಿದೆ. ಒಂದು ಸಲ ಅಲ್ಲ, ನನ್ನ ಲೆಕ್ಕದಲ್ಲಿ ಹನ್ನೊಂದು ಸಲ. 2018ರಲ್ಲಿ ಏಳು ತಿಂಗಳು ಕಟ್ಟಿ 96ರಿಂದ 82ಕ್ಕೆ ಇಳಿದಿದ್ದೆ. ರಾತ್ರಿ ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ, ಬೆಳಿಗ್ಗೆ ಐದಕ್ಕೆ ಎದ್ದು ನಮ್ಮ ತುಮಕೂರಿನ ಅಮಾನಿಕೆರೆ ಸುತ್ತ ನಡೆದೆ. ಹೊಸ ಬ್ಲೌಸ್ ಹೊಲಿಸಿದೆ. ಎಲ್ಲರೂ ಬೆನ್ನು ತಟ್ಟಿದರು. ಆ ಏಳು ತಿಂಗಳಲ್ಲಿ ಒಳಗೆ ಏನಾಗುತ್ತಿತ್ತು ಅಂತ ಮಾತ್ರ ಯಾರಿಗೂ ಹೇಳಿರಲಿಲ್ಲ. ಹಸಿವು ದಿನದಿನಕ್ಕೆ ಜಾಸ್ತಿಯಾಗುತ್ತಿತ್ತು. ಎಂಟನೇ ಕ್ಲಾಸಿಗೆ ವಿಜ್ಞಾನ ಪಾಠ ಮಾಡುತ್ತಾ ಮಾಡುತ್ತಾ, ಬಿಸಿಯೂಟದ ಕೋಣೆಯಿಂದ ಸಾಂಬಾರಿನ ಒಗ್ಗರಣೆ ವಾಸನೆ ಬಂದರೆ ವಾಕ್ಯ ಅರ್ಧಕ್ಕೆ ನಿಲ್ಲುತ್ತಿತ್ತು. ರಾತ್ರಿ ಊಟದ ಕನಸು ಬೀಳುತ್ತಿತ್ತು. ಸುಮ್ನೆ ಮಾತಿಗೆ ಹೇಳ್ತಿಲ್ಲ, ನಿಜವಾಗಿ ಅನ್ನ ಸಾರಿನ ಕನಸು. ಎರಡು ವರ್ಷ ಕಳೆಯುವಷ್ಟರಲ್ಲಿ, ಲಾಕ್‌ಡೌನ್ ಹೊತ್ತಿಗೆ 101 ಆಗಿದ್ದೆ. ಇಳಿದ ಹದಿನಾಲ್ಕೂ ಬಂತು, ಜೊತೆಗೆ ಐದು ಬಂತು.

ಪ್ರತಿ ಸಲ ತೂಕ ವಾಪಸ್ ಬಂದಾಗ ನಾನು ಓದಿಕೊಂಡ ಅರ್ಥ ಒಂದೇ: ನನ್ನಲ್ಲಿ ಗಟ್ಟಿತನ ಇಲ್ಲ. ಮನೆ ಲೋನ್ ಕಟ್ಟಿದ್ದೇನೆ, ಇಪ್ಪತ್ತು ವರ್ಷ ಬೋರ್ಡ್ ಮುಂದೆ ನಿಂತು ಕೆಲಸ ಮಾಡಿದ್ದೇನೆ, ಅಪ್ಪನ ಕಾಯಿಲೆಯಲ್ಲಿ ಹನ್ನೊಂದು ತಿಂಗಳು ರಾತ್ರಿ ಎದ್ದಿದ್ದೇನೆ. ಅಲ್ಲೆಲ್ಲ ಇದ್ದ ಗಟ್ಟಿತನ ತಟ್ಟೆ ಮುಂದೆ ಕೂತಾಗ ಎಲ್ಲಿ ಹೋಗುತ್ತೆ ಅನ್ನುವ ಪ್ರಶ್ನೆ ಮಾತ್ರ ನನಗೆ ಒಂದು ದಿನವೂ ಬರಲಿಲ್ಲ. ಬರಬೇಕಿತ್ತು.

ಹಸಿವು ಮತ್ತು ಬಾಯಿಚಪಲ

ಜನವರಿಯಲ್ಲಿ ಬೆಂಗಳೂರಿನಲ್ಲಿ ತೂಕ ಇಳಿಸುವ ಆಪರೇಷನ್ ಮಾಡುವ ಒಬ್ಬ ಸರ್ಜನ್ ಹತ್ತಿರ ಹೋದೆ. ಹೋಗಿದ್ದು ಮಂಡಿಗೆ ದಾರಿ ಕೇಳಲು. ಮೂಳೆ ಡಾಕ್ಟರು, ಈ ತೂಕದಲ್ಲಿ ಮಂಡಿಗೆ ಏನು ಮಾಡಿದರೂ ಹೆಚ್ಚು ದಿನ ನಿಲ್ಲಲ್ಲ, ಒಮ್ಮೆ ಇವರನ್ನು ನೋಡಿ ಅಂತ ಚೀಟಿ ಬರೆದುಕೊಟ್ಟಿದ್ದರು. ನಾನು ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಅವರು ಬೈಯಲಿಲ್ಲ. "ಎಷ್ಟು ಸಲ ಪ್ರಯತ್ನ ಮಾಡಿದ್ದೀರಮ್ಮಾ?" ಅಂತ ಕೇಳಿದರು. ಹನ್ನೊಂದು ಅಂದೆ. "ಹನ್ನೊಂದು ಸಲ ಪ್ರಯತ್ನ ಮಾಡಿದವರಿಗೆ ಮನಸ್ಸು ಗಟ್ಟಿ ಇಲ್ಲ ಅಂತ ನಾನು ಹೇಗೆ ಹೇಳಲಿ?" ಅಂದರು. ನನಗೆ ಅಲ್ಲೇ ಅಳು ಬಂತು. ಮನೆಯವರು ಏನಾಯಿತೋ ಅಂತ ಗಾಬರಿಯಾದರು.

ಆಮೇಲೆ ಅವರು ಗ್ರೆಲಿನ್ ಬಗ್ಗೆ ಹೇಳಿದರು. ಮನೆಗೆ ಬಂದು ನಾನೂ ಓದಿದೆ. ಜಪಾನಿನ ಕೊಜಿಮಾ ಮತ್ತು ಕಂಗಾವಾ ಅನ್ನುವ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದ ಹಾರ್ಮೋನು ಅದು. ಮುಖ್ಯವಾಗಿ ಜಠರದ ಮೇಲುಭಾಗದಲ್ಲಿ ತಯಾರಾಗುತ್ತದೆ, ಊಟಕ್ಕೆ ಮೊದಲು ಏರುತ್ತದೆ, ಮೆದುಳಿಗೆ ಹೋಗಿ ತಿನ್ನು ಅನ್ನುತ್ತದೆ. ಡಯಟ್ ಮಾಡಿ ತೂಕ ಇಳಿಸಿದವರಲ್ಲಿ ಅದು ಮೊದಲಿಗಿಂತ ಜಾಸ್ತಿಯಾಗುತ್ತದೆ. ಅಂದರೆ 2018ರಲ್ಲಿ ನಾನು ಇಳಿದಷ್ಟೂ ನನ್ನ ದೇಹ ಇನ್ನಷ್ಟು ಜೋರಾಗಿ ಕೂಗುತ್ತಿತ್ತು. ಅದಕ್ಕೆ ಅದು ಬರಗಾಲ. ನಾನು ಹೊಸ ಬ್ಲೌಸ್ ಹೊಲಿಸಿದ್ದು ಅದಕ್ಕೇನು ಗೊತ್ತು?

ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಜನ ಆರೋಗ್ಯವಂತ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದ್ದರು. ಯುದ್ಧದಲ್ಲಿ ಉಪವಾಸ ಬಿದ್ದವರಿಗೆ ಮತ್ತೆ ಊಟ ಕೊಡುವುದು ಹೇಗೆ ಅಂತ ತಿಳಿಯಲು. ಅವರೆಲ್ಲ ತಾವಾಗಿ ಒಪ್ಪಿ ಬಂದವರು, ಮನಸ್ಸು ಗಟ್ಟಿ ಇದ್ದವರು. ಆರು ತಿಂಗಳಲ್ಲಿ ಅವರಿಗೆ ಊಟ ಬಿಟ್ಟು ಬೇರೆ ಯೋಚನೆ ಇಲ್ಲದಂತಾಯಿತು. ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದುತ್ತಿದ್ದರಂತೆ. ಅದನ್ನು ಓದಿದ ರಾತ್ರಿ ನನ್ನ ಅನ್ನ ಸಾರಿನ ಕನಸು ನೆನಪಾಗಿ ತುಂಬ ಹೊತ್ತು ಕೂತಿದ್ದೆ. 2016ರಲ್ಲಿ ಇನ್ನೊಂದು ಅಧ್ಯಯನ ಬಂತು. ಟಿವಿ ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿದ್ದ 14 ಜನರನ್ನು ಆರು ವರ್ಷದ ನಂತರ ಮತ್ತೆ ಅಳೆದು ನೋಡಿದಾಗ, ಸುಮ್ಮನೆ ಮಲಗಿದ್ದಾಗಲೂ ಅವರ ದೇಹ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಐನೂರು ಕ್ಯಾಲೊರಿ ಅಂದರೆ ಒಂದು ಹೊತ್ತಿನ ಊಟ. ಪ್ರತಿದಿನ.

ಬಾಯಿಚಪಲ ನನಗಿಲ್ಲ ಅಂತ ನಾನು ಹೇಳುವುದಿಲ್ಲ. ಇದೆ. ಅಕ್ಕಿ ಹಪ್ಪಳ ಕಂಡರೆ ಇವತ್ತಿಗೂ ಕೈ ಹೋಗುತ್ತದೆ. ಆದರೆ ಬಾಯಿಚಪಲ ಬೇರೆ, ಹಸಿವು ಬೇರೆ. ನಮ್ಮ ಭಾಷೆಯಲ್ಲೇ ಎರಡಕ್ಕೂ ಬೇರೆ ಬೇರೆ ಮಾತಿದೆ. ಇಪ್ಪತ್ತು ವರ್ಷ ನಾನು ಹಸಿವನ್ನು ಬಾಯಿಚಪಲ ಅಂದುಕೊಂಡು ಬಾಯಿಯನ್ನೇ ಶಿಕ್ಷಿಸಿದ್ದೆ. ಕೂಗುತ್ತಿದ್ದದ್ದು ಹೊಟ್ಟೆ, ಕಟ್ಟುತ್ತಿದ್ದದ್ದು ಬಾಯಿ.

ಒಪ್ಪಿಕೊಳ್ಳಲು ಹಿಡಿದ ಮೂರು ತಿಂಗಳು

ಆಪರೇಷನ್ ಅಂದ ತಕ್ಷಣ ಒಪ್ಪಿಬಿಟ್ಟೆ ಅಂದುಕೊಳ್ಳಬೇಡಿ. ನನಗೆ ಹೇಳಿದ್ದು ಸ್ಲೀವ್ ಅನ್ನುವ ವಿಧಾನ. ಹೊಟ್ಟೆ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಜಠರದ ನಾಲ್ಕರಲ್ಲಿ ಮೂರು ಪಾಲಿಗಿಂತ ಜಾಸ್ತಿಯನ್ನು ಸ್ಟೇಪ್ಲರ್‌ನಿಂದ ಹೊಲಿದು ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯ ಥರ ಒಂದು ಕೊಳವೆ. ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಭಾಗವೂ ಅದರ ಜೊತೆ ಹೋಗುತ್ತದೆ. ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ಇನ್ನೊಂದು ಬೈಪಾಸ್. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಒಂದು ಪುಟ್ಟ ಚೀಲ ಮಾತ್ರ ಉಳಿಸಿ ಅದಕ್ಕೆ ಕರುಳನ್ನು ಜೋಡಿಸುತ್ತಾರೆ. ಶುಗರ್ ಇರುವವರಿಗೆ ಅದು ಇನ್ನೂ ಒಳ್ಳೆಯದು, ಆದರೆ ಕಬ್ಬಿಣದ ಅಂಶ ಕಡಿಮೆಯಾಗುವುದು ಅದರಲ್ಲಿ ಜಾಸ್ತಿ ಅಂತ ಹೇಳಿದರು. ನನಗೆ ಮೊದಲಿಂದಲೂ ರಕ್ತ ಕಡಿಮೆ, ಸ್ಲೀವ್‌ಗೆ ಅಡ್ಡಿಯಾಗುವ ಎದೆಯುರಿ ಇರಲಿಲ್ಲ. ಹಾಗಾಗಿ ಸ್ಲೀವ್.

ಒಂದು ದಿನ ನೇರವಾಗಿ ಕೇಳಿದೆ, "ಇದರಿಂದ ಸಾಯ್ತಾರಾ ಡಾಕ್ಟ್ರೇ?" ಅಂತ. ಅವರೂ ನೇರವಾಗಿ ಹೇಳಿದರು. ಸಾವಿರಕ್ಕೆ ಒಂದರ ಆಸುಪಾಸು. ಪಿತ್ತಕೋಶದ ಆಪರೇಷನ್‌ಗಿಂತ ತುಂಬ ದೂರ ಇಲ್ಲ. ಹೊಲಿದ ಜಾಗದಲ್ಲಿ ಸೋರಿಕೆಯಾಗಬಹುದು, ನೂರಕ್ಕೆ ಒಂದರ ಹತ್ತಿರ, ಆದರೆ ಆದವರಿಗೆ ಬಹಳ ಕಷ್ಟ. ಮನೆಯವರು ಆ ಲೆಕ್ಕ ಕೇಳಿ ಬೇಡವೇ ಬೇಡ ಅಂದರು. ಸ್ವೀಡನ್ನಿನಲ್ಲಿ 1987ರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿಕೊಂಡು ಬಂದ ಅಧ್ಯಯನ ಇದೆ. ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಅಂತ 2007ರಲ್ಲಿ ಪ್ರಕಟವಾಯಿತು. ಅದನ್ನು ಅವರಿಗೆ ಓದಿ ಹೇಳಿದೆ. (ಆ ಕಾಲದ ಆಪರೇಷನ್ ಬೇರೆ ಥರದ್ದು, ಈಗಿನ ಸ್ಲೀವ್ ಅಲ್ಲ. ಅದನ್ನೂ ಹೇಳಿದೆ.) ಅವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ರಾತ್ರಿ, "ನೀನು ನಿದ್ದೆ ಮಾಡ್ವಾಗ ಉಸಿರು ನಿಂತ್ರೆ ನಾನು ಎದ್ದು ಕೂತು ಎಣಿಸ್ತೀನಿ. ಎಷ್ಟೋ ವರ್ಷ ಆಯ್ತು ನಾನು ಪೂರ್ತಿ ನಿದ್ದೆ ಮಾಡಿ" ಅಂದರು. ಹದಿನೆಂಟು ವರ್ಷದ ಸಂಸಾರದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ.

ಅದೇ ಹೊತ್ತಿಗೆ, 2025ರ ಮಾರ್ಚ್‌ನಲ್ಲಿ, ಹಸಿವು ತಗ್ಗಿಸಿ ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್ ನಮ್ಮ ದೇಶಕ್ಕೆ ಬಂತು. ಎಲ್ಲರ ಬಾಯಲ್ಲೂ ಅದೇ ಸುದ್ದಿ. ನಾನೂ ಕೇಳಿದೆ. ವಾರಕ್ಕೊಂದು ಚುಚ್ಚಿಕೊಳ್ಳಬೇಕು, ಆಗಿನ ಬೆಲೆಯಲ್ಲಿ ಶುರುವಿನ ಡೋಸ್‌ಗೇ ತಿಂಗಳಿಗೆ 14,000, ಮುಂದಿನದಕ್ಕೆ 17,500. ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ವಾಪಸ್ ಬರುವುದೇ ಹೆಚ್ಚು. ಅದು ಒಳ್ಳೆಯ ಔಷಧಿ, ಬೇಕಾದವರಿಗೆ ಬೇಕು. ಮಗಳ ಕಾಲೇಜಿನ ಫೀಸು ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮನೆಗೆ ಆ ಲೆಕ್ಕ ಹೊಂದಲಿಲ್ಲ.

ದುಡ್ಡಿನ ಮಾತು ಬಂದಿದ್ದಕ್ಕೆ ವಿಮೆಯದ್ದೂ ಹೇಳಬೇಕು, ಯಾಕೆಂದರೆ ತುಂಬ ಜನ ಇಲ್ಲೇ ಕೈಬಿಡುತ್ತಾರೆ. ಕಂಪನಿಯವರು ಮೊದಲು ಇದು ಸೌಂದರ್ಯದ ಚಿಕಿತ್ಸೆ ಅಂತ ಹೇಳಿ ಅರ್ಜಿ ತಿರುಗಿಸಿದರು. ವಿಮೆ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮದಲ್ಲಿ ಹಾಗಿಲ್ಲ. ಹದಿನೆಂಟು ದಾಟಿರಬೇಕು, ಡಾಕ್ಟರ ಸಲಹೆ ಇರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ನಲವತ್ತಕ್ಕಿಂತ ಕಡಿಮೆ ಇದ್ದು 35 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆ, ತೀವ್ರವಾದ ಸ್ಲೀಪ್ ಆಪ್ನಿಯಾ (ನನಗಿದ್ದ ಹಾಗೆ ನಿದ್ದೆಯಲ್ಲಿ ಉಸಿರು ನಿಲ್ಲುವುದು), ಇಂಥದ್ದು ಏನಾದರೂ ಇದ್ದು, ಬೇರೆ ದಾರಿಗಳು ಫಲ ಕೊಟ್ಟಿರಬಾರದು. ನಿಯಮದ ಆ ಪುಟವನ್ನೇ ಪ್ರಿಂಟ್ ತೆಗೆದು, 2018ರ ಡಯಟ್ ಚೀಟಿಗಳನ್ನೂ ಸೇರಿಸಿ ಮತ್ತೆ ಕಳಿಸಿದೆವು. ಎರಡನೇ ಸಲ ಒಪ್ಪಿದರು. ಒಟ್ಟು ಖರ್ಚು ನಾಲ್ಕು ಲಕ್ಷ ದಾಟಿತ್ತು, ಮುಕ್ಕಾಲು ಭಾಗ ಬಂತು. ಹಳೇ ಚೀಟಿಗಳನ್ನು ಎಸೆಯಬೇಡಿ, ದಯವಿಟ್ಟು.

ಮಾವಿನ ಕಾಲದಲ್ಲಿ

ಬೇಸಿಗೆ ರಜೆಯಲ್ಲೇ ಆಗಲಿ ಅಂತ ಮೇ ಮೊದಲ ವಾರಕ್ಕೆ ದಿನ ಗೊತ್ತು ಮಾಡಿದೆವು. ಅದಕ್ಕೆ ಮೊದಲು ಎರಡು ವಾರ ಬರೀ ದ್ರವ ಆಹಾರ. ಪ್ರೋಟೀನ್ ಪುಡಿ, ಮಜ್ಜಿಗೆ, ಸೋಸಿದ ಸೂಪು. ಕೊಬ್ಬು ತುಂಬಿ ಊದಿಕೊಂಡಿರುವ ಲಿವರ್ ಸ್ವಲ್ಪ ಕುಗ್ಗಿದರೆ ಅದರಡಿ ಇರುವ ಜಠರ ಸರ್ಜನ್ ಕೈಗೆ ಸಲೀಸಾಗಿ ಸಿಗುತ್ತದೆ ಅನ್ನುವುದು ಕಾರಣ. ಏಪ್ರಿಲ್ ಕೊನೆ. ಮನೆ ತುಂಬ ಬಾದಾಮಿ ಮಾವಿನ ವಾಸನೆ. ಅಮ್ಮ ಹಣ್ಣನ್ನು ಹುಲ್ಲಿನಲ್ಲಿಟ್ಟು ಮಾಗಿಸುತ್ತಾಳೆ, ದಿನಾ ಬೆಳಿಗ್ಗೆ ಒಂದೊಂದನ್ನೇ ಒತ್ತಿ ನೋಡುತ್ತಾಳೆ. ಆ ವರ್ಷ ನನಗೆ ಕಾಣದ ಹಾಗೆ ಮಹಡಿ ಮೇಲಿನ ಕೋಣೆಗೆ ಸಾಗಿಸಿ, ಮಂಡಿನೋವು ಇಟ್ಟುಕೊಂಡೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ನನಗೆ ಗೊತ್ತಿದೆ ಅಂತ ನಾನು ಹೇಳಲಿಲ್ಲ.

ಆ ಎರಡು ವಾರದಲ್ಲೇ ಡಯಟೀಶಿಯನ್ ನನಗೊಂದು ಪ್ರಶ್ನೆ ಕೇಳಿದ್ದು. "ಊಟ ಮಾಡಕ್ಕೆ ಎಷ್ಟು ನಿಮಿಷ ತಗೋತೀರಾ ಮೇಡಂ?" ಗೊತ್ತಿಲ್ಲ ಅಂದೆ. ಹಳೆಯ ದಿನಗಳನ್ನು ನೆನಪಿಸಿಕೊಂಡು ಲೆಕ್ಕ ಹಾಕಿದೆವು. ಏಳು ನಿಮಿಷ. ಸ್ಕೂಲಿನಲ್ಲಿ ಬಿಸಿಯೂಟದ ಡ್ಯೂಟಿ ನಂದು. ಬಡಿಸುವ ಮೊದಲು ರುಚಿ ನೋಡಿ, ಮಕ್ಕಳನ್ನು ಸಾಲಾಗಿ ಕೂರಿಸಿ, ಎರಡನೇ ಸಲ ಅನ್ನ ಕೇಳುವವರಿಗೆ ಹಾಕಿಸಿ, ತಟ್ಟೆ ತೊಳೆಯುವ ನಲ್ಲಿ ಹತ್ತಿರದ ಜಗಳ ಬಿಡಿಸಿ ಬರುವಷ್ಟರಲ್ಲಿ ಬೆಲ್‌ಗೆ ಹತ್ತು ನಿಮಿಷ ಉಳಿದಿರುತ್ತಿತ್ತು. ಮನೆಯಲ್ಲೂ ಅದೇ ರೂಢಿ, ಎಲ್ಲರಿಗೂ ಬಡಿಸಿ ಕೊನೆಗೆ ನಿಂತುಕೊಂಡೇ ಒಂದಿಷ್ಟು. ಅವರು ಹೇಳಿದ್ದಿಷ್ಟು: ಆಪರೇಷನ್ ಆದಮೇಲೆ ಒಂದು ಊಟಕ್ಕೆ ಅರ್ಧ ಗಂಟೆ. ಪ್ರತಿ ತುತ್ತೂ ಇಪ್ಪತ್ತೈದು ಮೂವತ್ತು ಸಲ ಅಗಿಯಬೇಕು. ಊಟದ ಜೊತೆ ನೀರಿಲ್ಲ, ಆಮೇಲೆ ಅರ್ಧ ಗಂಟೆ ಬಿಟ್ಟು. ಇದು ಆರು ತಿಂಗಳ ಮಾತಲ್ಲ, ಬದುಕಿರುವವರೆಗೆ. ಹಾಗೇ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಕೂಡ. ನನಗೆ ಆಪರೇಷನ್‌ಗಿಂತ ಇದೇ ದೊಡ್ಡ ನಿರ್ಧಾರ ಅನ್ನಿಸಿತು. ಆಪರೇಷನ್ ಮಾಡುವವರು ಅವರು, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅರ್ಧ ಗಂಟೆ ಕೂತು ಉಣ್ಣಬೇಕಾದವಳು ನಾನು.

ಮೂವತ್ತು ಎಂಎಲ್

ಆಪರೇಷನ್ ಆದ ದಿನ ಸಂಜೆಯೇ ಎಬ್ಬಿಸಿ ನಡೆಸಿದರು. ಹೊಟ್ಟೆಗಿಂತ ಭುಜ ನೋಯುತ್ತಿತ್ತು. ಆಪರೇಷನ್‌ಗಾಗಿ ಹೊಟ್ಟೆಯೊಳಗೆ ತುಂಬಿದ್ದ ಗ್ಯಾಸ್‌ನಿಂದ ಹಾಗಾಗುತ್ತದಂತೆ. ಮಾರನೇ ದಿನ ನರ್ಸ್ ಒಂದು ಔಷಧಿ ಕಪ್ ತಂದಿಟ್ಟರು. ಮಕ್ಕಳ ಕೆಮ್ಮಿನ ಸಿರಪ್ ಬಾಟಲಿ ಮೇಲೆ ಬರುತ್ತಲ್ಲ, ಅಂಥದ್ದು. ಅದರ ತುಂಬ ನೀರು, 30 ಎಂಎಲ್. ಅದನ್ನು ಹದಿನೈದು ನಿಮಿಷದಲ್ಲಿ ಕುಡಿಯಬೇಕು. ಚೊಂಬು ಎತ್ತಿ ಗಟಗಟ ಕುಡಿದು ಅಭ್ಯಾಸ ಇದ್ದವಳು ನಾನು. ಮೊದಲ ಗುಟುಕು ಒಳಗೆ ಇಳಿಯುವುದು, ಎದೆಗೂಡಿನ ಹತ್ತಿರ ಒಂದು ಕ್ಷಣ ನಿಲ್ಲುವುದು, ಮತ್ತೆ ಇಳಿಯುವುದು ಎಲ್ಲ ಗೊತ್ತಾಯಿತು. ಮೂರು ಗುಟುಕಿಗೆ ಸಾಕೆನಿಸಿತು. ಸಾಕು ಅನ್ನುವುದು ಹೇಗಿರುತ್ತದೆ ಅಂತ ನನಗೆ ಮರೆತೇ ಹೋಗಿತ್ತು. ಅದು ಎಷ್ಟು ಸಣ್ಣ, ಎಷ್ಟು ಮೆತ್ತಗಿನ ಸೂಚನೆ ಗೊತ್ತಾ? ಹಳೆಯ ಗದ್ದಲದಲ್ಲಿ ಅದು ಕೇಳುವ ಸಾಧ್ಯತೆಯೇ ಇರಲಿಲ್ಲ.

ಆ ಕಪ್ ಇವತ್ತೂ ನಮ್ಮ ಅಡುಗೆಮನೆಯಲ್ಲಿದೆ. ಗೆರೆಗಳು ಅಳಿಸಿಹೋಗಿವೆ.

ಎರಡು ವಾರ ನೀರುನೀರು, ಆಮೇಲೆ ಬಟ್ಟೆಯಲ್ಲಿ ಸೋಸಿದ ರಾಗಿ ಗಂಜಿ, ಆಮೇಲೆ ಕಡೆದ ಹೆಸರುಬೇಳೆ, ಮೆದು ಮೊಟ್ಟೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆಗಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರು. ಹತ್ತು ಮೊಟ್ಟೆ ಹಿಡಿಸುವ ಹೊಟ್ಟೆಯೇ ಅಲ್ಲ ಅದು, ಹಾಗಾಗಿ ಪುಡಿ ಬೇಕೇ ಬೇಕಾಯಿತು. ಒಂದು ದಿನ ಅವಸರದಲ್ಲಿ ಅರ್ಧ ಚಪಾತಿ ತಿಂದು ಸಿಂಕ್ ಹಿಡಿದುಕೊಂಡು ಇಪ್ಪತ್ತು ನಿಮಿಷ ನಿಂತಿದ್ದೆ. ನಾಲ್ಕನೇ ತಿಂಗಳು ಕೂದಲು ಉದುರಿತು, ಬಾಚಣಿಗೆ ತುಂಬ, ದಿಂಬಿನ ತುಂಬ. ಮತ್ತೆ ಬರುತ್ತೆ ಅಂತ ಹೇಳಿದ್ದರು, ಬಂತು. ಆದರೆ ಆ ಎರಡು ತಿಂಗಳು ನಾನು ಜಡೆ ಹಾಕಿಕೊಳ್ಳುವಾಗ ಅಳುತ್ತಿದ್ದೆ. ಸುಲಭದ ದಾರಿ ಹಿಡಿದಳು ಅನ್ನುವವರಿಗೆ ಇದನ್ನೆಲ್ಲ ಕೂತು ಹೇಳಬೇಕು ಅನ್ನಿಸುತ್ತದೆ.

ಒಂದು ಸುಳ್ಳು

ಸ್ಕೂಲಿನಲ್ಲಿ ನಾನು ಹರ್ನಿಯಾ ಆಪರೇಷನ್ ಅಂತ ಹೇಳಿದ್ದೆ. ರಜೆ ಮುಗಿದು ಜೂನ್‌ನಲ್ಲಿ ಹೋದಾಗ ಹದಿಮೂರು ಕೆಜಿ ಇಳಿದಿದ್ದೆ. "ಏನ್ ಮಿಸ್, ಏನ್ ಮಾಡಿದ್ರಿ?" ಅಂತ ಎಲ್ಲರೂ ಕೇಳಿದರು. ರಾತ್ರಿ ಊಟ ಬಿಟ್ಟಿದ್ದೀನಿ, ಬಾಯಿ ಕಟ್ಟಿದ್ದೀನಿ ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತು. ಅಷ್ಟು ಸಲೀಸಾಗಿ ಬಂತು.

ಸೆಪ್ಟೆಂಬರ್‌ನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಟೀಚರ್ ಒಂದು ಮಧ್ಯಾಹ್ನ ನನ್ನ ಪಕ್ಕ ಬಂದು ಕೂತಳು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಹಿಂದೆ ನಾನಿದ್ದಷ್ಟೇ ತೂಕ. ಡಬ್ಬಿ ತೆರೆಯಲಿಲ್ಲ. "ನೀವು ಹೇಳಿದ್ ಹಂಗೇ ಎರಡು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದೀನಿ ಅಕ್ಕಾ, ಎರಡೇ ಕೆಜಿ ಇಳಿದಿದ್ದು. ನಿಮ್ಮಷ್ಟು ಗಟ್ಟಿ ಇಲ್ಲ ನಾನು" ಅಂದಳು. ಅವಳ ಕೈ ನಡುಗುತ್ತಿತ್ತು. ಹಸಿದವರ ಕೈ ಹೇಗೆ ನಡುಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನನಗೆ ಇಪ್ಪತ್ತು ವರ್ಷ ಆದದ್ದನ್ನು ನಾನೇ ಅವಳಿಗೆ ಮಾಡಿದ್ದೆ.

ಆವತ್ತೇ ನಿಜ ಹೇಳಿದೆ, ಅವಳಿಗೆ ಮೊದಲು, ಆಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ. ಕೆಲವರು ಮುಖ ಮುಖ ನೋಡಿಕೊಂಡರು. ಒಬ್ಬರು, ಅಯ್ಯೋ ದೇವರು ಕೊಟ್ಟ ಹೊಟ್ಟೆ ಕತ್ತರಿಸಿಕೊಳ್ಳೋದಾ ಅಂದರು. ಅನ್ನಲಿ. ಆ ಹುಡುಗಿಗೆ ನಾನು ಆಪರೇಷನ್ ಮಾಡಿಸಿಕೋ ಅಂತ ಹೇಳಲಿಲ್ಲ, ನಿಮಗೂ ಹೇಳುತ್ತಿಲ್ಲ. ಅವಳದ್ದು ಥೈರಾಯ್ಡ್ ತೊಂದರೆ ಅಂತ ಆಮೇಲೆ ಗೊತ್ತಾಯಿತು, ಔಷಧಿ ನಡೆಯುತ್ತಿದೆ. ಒಬ್ಬೊಬ್ಬರ ದೇಹ ಒಂದೊಂದು ಥರ. ದಪ್ಪ ಇರುವವರನ್ನು ನೋಡಿದ ತಕ್ಷಣ ಅವರ ತಟ್ಟೆಯಲ್ಲಿ ಏನಿತ್ತು ಅಂತ ನಮಗೆ ಗೊತ್ತು ಅಂದುಕೊಳ್ಳುತ್ತೇವಲ್ಲ, ಅದನ್ನು ಮಾತ್ರ ದಯವಿಟ್ಟು ಬಿಡೋಣ.

ಆಪರೇಷನ್ ಆಗಿ ಈಗ ಹತ್ತು ತಿಂಗಳಾಯಿತು. 80 ಕೆಜಿ ಇದ್ದೇನೆ. ಇನ್ಸುಲಿನ್ ನಿಂತಿದೆ, ಒಂದು ಮಾತ್ರೆ ಇದೆ. ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಶೇಕಡಾ 8.9 ಇದ್ದದ್ದು 6.1ಕ್ಕೆ ಬಂದಿದೆ. ನೋಡುವವರ ಕಣ್ಣಿಗೆ ನಾನು ಇನ್ನೂ ದಪ್ಪವೇ, ಚಾರ್ಟಿನ ಪ್ರಕಾರವೂ. ಎರಡು ವರ್ಷ ಕಳೆದ ಮೇಲೆ ತೂಕ ಮತ್ತೆ ಏರುವವರು ಇದ್ದಾರೆ. ಹಸಿವು ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ. ಈಗಾಗಲೇ ಬರುತ್ತಿದೆ. ಅದಕ್ಕೇ ಬೆಳಿಗ್ಗೆ ಅಮಾನಿಕೆರೆ ಬಿಟ್ಟಿಲ್ಲ. ಭಾನುವಾರ ಸಿದ್ಧಗಂಗೆ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ, ಇಳಿದು ಬಂದು ಕ್ಯಾತ್ಸಂದ್ರದಲ್ಲಿ ಮಗಳ ತಟ್ಟೆ ಇಡ್ಲಿಯಿಂದ ಕಾಲು ಭಾಗ ಮುರಿದುಕೊಳ್ಳುತ್ತೇನೆ. ಮನೆಯವರು ರಾತ್ರಿ ಗೊರಕೆ ಹೊಡೆಯುವಷ್ಟು ನಿದ್ದೆ ಮಾಡುತ್ತಾರೆ. ಈಗ ಎಚ್ಚರ ಇರುವವಳು ನಾನು, ಕೇಳುತ್ತಾ ಮಲಗಿರುತ್ತೇನೆ.

ಮುದ್ದೆ

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುದ್ದೆ ಅಗಿಯುವ ಪದಾರ್ಥ ಅಲ್ಲ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ನುಂಗಬೇಕು. ಚಿಕ್ಕವಳಿದ್ದಾಗ ಅಗಿದಿದ್ದಕ್ಕೆ ಅಪ್ಪ ನಕ್ಕಿದ್ದು ನೆನಪಿದೆ. ಹಾಗಾಗಿ ನುಂಗಬೇಡಿ, ಎಲ್ಲವನ್ನೂ ಅಗಿಯಿರಿ ಅಂತ ಡಯಟೀಶಿಯನ್ ಹೇಳಿದ ದಿನವೇ ನನಗೆ ಮೊದಲು ಬಂದ ಯೋಚನೆ, ಹಾಗಾದರೆ ಮುದ್ದೆ ಮುಗೀತು ಅಂತ. ಆರು ತಿಂಗಳು ಮುಟ್ಟಿರಲಿಲ್ಲ. ಅಮ್ಮನೂ ಅಷ್ಟು ದಿನ ತನಗೊಬ್ಬಳಿಗೇ ಯಾಕೆ ಅಂತ ಮುದ್ದೆ ಕೋಲು ಎತ್ತಿಟ್ಟಿದ್ದಳು, ಕೈ ನೋಯತ್ತೆ ಅನ್ನುವ ನೆಪ ಹೇಳಿ.

ನವೆಂಬರ್‌ನಲ್ಲಿ ಒಂದು ಭಾನುವಾರ ಡಾಕ್ಟರನ್ನು ಕೇಳಿಯಾಗಿದೆ ಅಂದೆ. ಅಮ್ಮ ಹುರುಳಿಕಾಳಿನ ಬಸ್ಸಾರು ಮಾಡಿದಳು. ಎಸರಿಗೆ ಹಿಟ್ಟು ಹಾಕಿ, ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ಆ ಮುರಿದು ಕೂಡಿದ ಕೈಯಲ್ಲೇ ಕೋಲು ತಿರುವಿದಳು. ತನಗೊಂದು ದೊಡ್ಡದು ಕಟ್ಟಿದಳು. ನನಗೆ ನಿಂಬೆಹಣ್ಣಿನ ಗಾತ್ರದ್ದು ಕಟ್ಟಿ ತುಪ್ಪ ಸವರಿದ ತಟ್ಟೆಯಲ್ಲಿಟ್ಟಳು. ಇಬ್ಬರೂ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತೆವು. ಎಷ್ಟು ವರ್ಷವಾಗಿತ್ತು ನಾನು ಹಾಗೆ ಚಕ್ಕಂಬಕ್ಕಲ ಹಾಕಿ ಕೂತು.

ಗೋಲಿಯಷ್ಟು ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಇಟ್ಟೆ, ಅಗಿದೆ. ಹಲ್ಲಿಗೆ ಅಂಟಿತು. ಹತ್ತು, ಹದಿನೈದು. ಸಾರಿನ ಖಾರ ಮೊದಲು ಇಳಿಯಿತು, ರಾಗಿಯ ಮಣ್ಣಿನಂಥ ವಾಸನೆ ಉಳಿಯಿತು. ಇಪ್ಪತ್ತರ ಹೊತ್ತಿಗೆ ಬಾಯಿ ತುಂಬ ಒಂದು ಸಣ್ಣ ಸಿಹಿ ಹರಡಿತು. ಪಿಷ್ಟ ಎಂಜಲಿನಲ್ಲಿ ಬೆರೆತು ಸಕ್ಕರೆಯಾಗುತ್ತದೆ ಅಂತ ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ನಲವತ್ತು ವರ್ಷ ತಿಂದ ಮುದ್ದೆಯಲ್ಲಿ ಅದನ್ನು ಒಮ್ಮೆಯೂ ಕಂಡಿರಲಿಲ್ಲ.

ಅಮ್ಮ ಉಣ್ಣುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. "ಮುದ್ದೆ ಅಗೀತಾರೇನೇ ಯಾರಾದ್ರೂವೆ?"

"ಸಿಹಿ ಇದೆ ಅಮ್ಮ. ಅಗಿದು ನೋಡು."

ಅವಳು ತನ್ನ ಮುದ್ದೆಯಿಂದ ಒಂದು ಚೂರು ಮುರಿದು, ಸಾರಿಗೆ ಅದ್ದದೆ, ಇದ್ದ ನಾಲ್ಕು ಹಲ್ಲಿನ ಕಡೆಗೆ ಸರಿಸಿಕೊಂಡು ನಿಧಾನವಾಗಿ ಅಗಿದಳು. ಕಣ್ಣು ಕಿಟಕಿ ಕಡೆ ಇತ್ತು. "ಹೂಂ ಕಣೇ, ಸೀನೇ ಅದೆ" ಅಂದಳು. ಮುಂದಿನ ತುತ್ತನ್ನು ಸಾರಿನಲ್ಲಿ ಅದ್ದಿ ಎಂದಿನ ಹಾಗೆ ನುಂಗಿದಳು. ನನ್ನ ಬಾಯಲ್ಲಿ ಇನ್ನೂ ಮೊದಲನೆಯದೇ ಇತ್ತು.